ವಾಕ್ಪಾರುಷ್ಯ

ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ 18ನೆಯ ಅಧ್ಯಾಯಕ್ಕೆ ವಾಕ್ಪಾರುಷ್ಯವೆಂದು ಹೆಸರು. 19ನೆಯದಕ್ಕೆ ದಂಡಪಾರುಷ್ಯವೆಂದು ಹೆಸರು. ಮೊದಲನೆಯದು ನಾಲಗೆಯಿಂದ ಮಾಡುವ ಹಿಂಸೆಯನ್ನೂ, ಎರಡನೆಯದು ಕೈ ಕೋಲುಗಳಿಂದ ಮಾಡುವ ಹಿಂಸೆಯನ್ನೂ ವಿಚಾರಿಸುವುವು. ಬಹುಕಾಲ ಹೆಸರಿನಿಂದ ಮಾತ್ರವೇ ಪರಿಚಿತವಾಗಿದ್ದ ಈ ಗ್ರಂಥದ ಪ್ರತಿಯು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರವನ್ನು ಸೇರಿ, ರುದ್ರಪಟ್ಟಣದ ಶಾಮಶಾಸ್ತ್ರಿಗಳ ಪರಿಶ್ರಮದಿಂದ 1909ರಲ್ಲಿ ಅಚ್ಚಾಗಿ ಹೊರಬಂದಿತು. ಅಂದಿನಿಂದ ವಿದ್ವಾಂಸರು ಅದರಲ್ಲಿನ ಗೂಢಚಾರರನ್ನೂ ಕೋಟೆಗಳನ್ನೂ ಕೋಶವನ್ನೂ ಕುರಿತು ಬಹಳವಾಗಿ ಚರ್ಚಿಸಿದ್ದಾರೆ. ವಾಕ್ಪಾರುಷ್ಯದ ಅಧ್ಯಾಯವು ತೀರ ಚಿಕ್ಕದು. ಆದರೆ ಅದರಲ್ಲಿ ಮನುಷ್ಯಸ್ವಭಾವದ ತಿಳಿವಳಿಕೆಯು ಕೋಟೆಯ ಅಧ್ಯಾಯಗಳಲ್ಲಿರುವುದಕ್ಕಿಂತ ಕಡಮೆಯಾಗಿಲ್ಲ.

ಅಲ್ಲಿ ಒಂದು ದಂಡದ ಲೆಕ್ಕವಿದೆ. ಒಕ್ಕಣ್ಣನನ್ನು ಒಕ್ಕಣ್ಣನೆಂದೋ ಕುಂಟನನ್ನು ಕುಂಟನೆಂದೋ ಹಳಿದವನ ಮಾತು ನಿಜವಾಗಿದ್ದರೆ ಅವನಿಗೆ 3 ಪಣ ದಂಡ. ಸುಳ್ಳಾಗಿದ್ದರೆ 6 ಪಣ. ಕಣ್ಣಿಲ್ಲದವನ ಮುಂದೆ ಅವನ ಕಣ್ಣಿನ ಚೆಲುವನ್ನು ಕೊಂಡಾಡಿ ಸ್ತುತಿಯ ವೇಷದಲ್ಲಿ ನಿಂದಿಸಿದ್ದರೆ 12 ಪಣ. ಸುಳ್ಳಿಗೆ ದಂಡ ಹೆಚ್ಚೆಂಬುದು ಯಾರಿಗಾದರೂ ಒಪ್ಪುವ ನ್ಯಾಯವೇ. ನಿಜಕ್ಕೂ ದಂಡವುಂಟು ಎಂಬಲ್ಲಿ ವಾಚಕನು ಸ್ವಲ್ಪ ನಿಲ್ಲುವನು. ಮನುಸ್ಮೃತಿಯೂ ಇದನ್ನೇ ಹೇಳುವುದು. ಯಾಜ್ಞವಲ್ಕ್ಯನೂ ಸತ್ಯ, ಅಸತ್ಯ, ಹುಸಿಹೊಗಳಿಕೆ ಎಂಬ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವನು. ಕಲ್ಯಾಣದಲ್ಲಿ ಕುಳಿತು ಅವನ ಸ್ಮೃತಿಗೆ ಮಿತಾಕ್ಷರವೆಂಬ ಟೀಕೆಯನ್ನು ಬರೆದ ವಿಜ್ಞಾನೇಶ್ವರನ ಕಾಲದವರೆಗೂ ಈ ವಿಚಾರವು ಶಾಸ್ತ್ರಕಾರರಲ್ಲಿ ಕೈಯಿಂದ ಕೈಗೆ ನಡೆದುಬಂದಿದೆ.

ಇದಕ್ಕೆ ಕಾರಣವೇನು? ಆಡಿದ ಮಾತು ನಿಜವೋ ಸುಳ್ಳೋ ಎಂಬುದು ಜ್ಞಾನಕ್ಕೆ ಸಂಬಂಧಿಸಿದ ಪ್ರಶ್ನೆ. ಅದು ನೋಯಿಸಿತೋ ಇಲ್ಲವೋ ಎಂಬುದು ಬೇರೆಯ ಪ್ರಶ್ನೆ. ಸುಳ್ಳು ಹೇಳಿದವನನ್ನು ಇಲ್ಲವೆಂದು ಎದುರಿಸಬಹುದು, ನಾಲ್ಕು ಜನ ಸಾಕ್ಷಿಗಳನ್ನು ಕರೆಯಬಹುದು. ಕುಂಟನನ್ನು ಕುಂಟನೆಂದು ಕರೆದರೆ ಅವನು ಯಾವ ಸಾಕ್ಷಿಯನ್ನು ಕರೆಯಬೇಕು? ಉತ್ತರವಿಲ್ಲದ ಮಾತಿನ ಮುಂದೆ ಅವನು ಕೈಕಟ್ಟಿ ನಿಲ್ಲಬೇಕಾಗುವುದು. ಇನ್ನು ಹುಸಿಹೊಗಳಿಕೆಯು ಇವೆರಡಕ್ಕಿಂತಲೂ ಕ್ರೂರವಾದದ್ದು. ಅದು ಒಬ್ಬನನ್ನು ನೋಯಿಸುವುದಲ್ಲದೆ ಸುತ್ತಲಿನವರನ್ನು ನಗಿಸುವುದು. ನೊಂದವನು ಸಿಟ್ಟಾದರೆ, ಹೊಗಳಿದರೂ ಮುನಿಯುವನಲ್ಲಾ ಎಂದು ಇನ್ನೊಮ್ಮೆ ನಗಿಸುವುದು. ಆ 12 ಪಣಗಳ ಲೆಕ್ಕವನ್ನು ಹಾಕಿದವನು ಸಭೆಗಳಲ್ಲಿ ಕುಳಿತು ಜನರ ಮುಖಗಳನ್ನು ಚೆನ್ನಾಗಿ ನೋಡಿದ್ದವನೇ ಇರಬೇಕು.

ನಿಂದೆಯು ತಾಗುವ ಸ್ಥಾನಗಳು ಐದೆಂದು ಕೌಟಿಲ್ಯನು ಎಣಿಸಿರುವನು: ಶರೀರ, ಪ್ರಕೃತಿ, ಶ್ರುತ, ವೃತ್ತಿ, ಜನಪದ. ಮೈಯ ಊನ, ಹುಟ್ಟುಗುಣ, ಓದು, ಹೊಟ್ಟೆಪಾಡಿನ ಕಸಬು, ಹುಟ್ಟಿದ ಸೀಮೆ ಎಂದು ಇವನ್ನು ತಿಳಿಯಬಹುದು. ಮಾತಿನಿಂದಲೇ ಜೀವಿಸುವವರ ಓದನ್ನು ಹಳಿಯುವುದನ್ನೂ, ಕುಶಲಕರ್ಮಿಗಳ ಮತ್ತು ನಟರ ವೃತ್ತಿಯನ್ನು ಹಳಿಯುವುದನ್ನೂ ಅವನು ಬಿಡಿಯಾಗಿ ಹೆಸರಿಸಿದ್ದಾನೆ. ಮಾಡಿದ ತಪ್ಪಿನ ಹೆಸರು ಈ ಪಟ್ಟಿಯಲ್ಲಿಲ್ಲವೆಂಬುದನ್ನು ಗಮನಿಸಬೇಕು. ಮನುಷ್ಯನು ತಿದ್ದಿಕೊಳ್ಳಲಾರದ್ದನ್ನು, ಅಥವಾ ಬದುಕಿಗಾಗಿ ಬಿಡಲಾರದ್ದನ್ನು ಹುಡುಕಿ ಅಲ್ಲಿಯೇ ತಿವಿಯುವುದು ಪಾರುಷ್ಯವು.

ಈ ಶಾಸ್ತ್ರಗಳಲ್ಲಿ ಒಂದು ದೊಡ್ಡ ಕಲೆಯಿರುವುದನ್ನು ಮುಚ್ಚಿಡಬೇಕಾಗಿಲ್ಲ. ನೊಂದವನ ವರ್ಣವನ್ನೂ ನೋಯಿಸಿದವನ ವರ್ಣವನ್ನೂ ನೋಡಿ ಅವು ದಂಡವನ್ನು ಏರಿಸುವುವು, ಇಳಿಸುವುವು. ಮನುಸ್ಮೃತಿಯು ಶೂದ್ರನಿಗೆ ಹೇಳಿರುವ ಶಿಕ್ಷೆಗಳನ್ನು ಓದುವುದೇ ಕಷ್ಟ. ನೋವನ್ನು ಅಷ್ಟು ಸೂಕ್ಷ್ಮವಾಗಿ ತೂಗಬಲ್ಲವರು ಎಲ್ಲರಿಗೂ ಒಂದೇ ತಕ್ಕಡಿಯನ್ನು ಹಿಡಿಯಲಿಲ್ಲ. 1989ರ ದೌರ್ಜನ್ಯ ತಡೆ ಕಾಯಿದೆಯು ಪರಿಶಿಷ್ಟ ಜಾತಿ ಪಂಗಡಗಳವರನ್ನು ಜನರ ಕಣ್ಣೆದುರಿನಲ್ಲಿ ಬೇಕೆಂದು ಅವಮಾನಿಸುವುದನ್ನು ಅಪರಾಧವೆಂದು ಸಾರಿ ಆ ತಕ್ಕಡಿಯನ್ನು ತಿರುಗಿಸಿತು. ಉಳಿದಂತೆ ಈಗಿನ ನ್ಯಾಯವು ಬೇರೆಯ ದಾರಿಯನ್ನು ಹಿಡಿದಿದೆ. 1860ರ ದಂಡಸಂಹಿತೆಯಲ್ಲಿಯೂ, 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಮಾನಹಾನಿಯೆಂದರೆ ಪರರ ಎಣಿಕೆಯಲ್ಲಿ ಒಬ್ಬನ ಹೆಸರು ಕೆಡುವುದು. ಸಾರ್ವಜನಿಕ ಹಿತಕ್ಕಾಗಿ ಆಡಿದ ನಿಜಕ್ಕೆ ಅಲ್ಲಿ ವಿನಾಯಿತಿಯುಂಟು. ಅವಮಾನದ ಮಾತನ್ನು ಶಿಕ್ಷಿಸುವ ಕಲಮೂ ಬೀದಿಯ ಶಾಂತಿಯು ಕೆಟ್ಟೀತೆಂಬ ಭಯದಿಂದ ಹುಟ್ಟಿದ್ದು. ಹೀಗೆ ಒಂದು ಕಲಮು ನೆರೆಯವರ ಅಭಿಪ್ರಾಯವನ್ನು ನೋಡುವುದು, ಇನ್ನೊಂದು ಬೀದಿಯನ್ನು ನೋಡುವುದು. ರಾತ್ರಿ ನಿದ್ರೆ ಬಾರದೆ ಹೊರಳುವವನ ಮನಸ್ಸನ್ನು ನೋಡುವ ಕೆಲಸವನ್ನು ನ್ಯಾಯಸ್ಥಾನವು ತನ್ನದೆಂದು ತಿಳಿದಿಲ್ಲ. ಅಷ್ಟು ಸೂಕ್ಷ್ಮವಾದ ಕೆಲಸವು ಅದಕ್ಕೆ ಸಾಧ್ಯವೂ ಅಲ್ಲವೇನೋ. ಆದುದರಿಂದ ಈ ವಿಷಯವು ವಕೀಲರಿಗಿಂತ ಹೆಚ್ಚಾಗಿ ಮಾತನಾಡುವ ಮತ್ತು ಬರೆಯುವ ಪ್ರತಿಯೊಬ್ಬರಿಗೂ ಸೇರಿದ್ದಾಗಿದೆ.

ಪರುಷವಾಕ್ಯದ ನೋವನ್ನು ಕುರಿತು ಮಾತು ಬಂದಾಗ ಸಾಹಿತ್ಯ ಬಲ್ಲವರು ಸಾಮಾನ್ಯವಾಗಿ ಜಾನ್ ಕೀಟ್ಸನ ಹೆಸರನ್ನು ಎತ್ತುವರು. ಆ ಕಥೆಯನ್ನು ಪೂರ್ತಿಯಾಗಿ ನೋಡುವುದು ಒಳ್ಳೆಯದು; ಏಕೆಂದರೆ ಜನರ ಬಾಯಲ್ಲಿರುವ ಕಥೆಯೂ ನಡೆದ ಸಂಗತಿಯೂ ಒಂದೇ ಅಲ್ಲ.

ಕೀಟ್ಸನು 1795ರ ಅಕ್ಟೋಬರ್ 31ರಂದು ಲಂಡನ್ನಿನಲ್ಲಿ ಬಾಡಿಗೆ ಕುದುರೆಗಳ ಲಾಯವೊಂದನ್ನು ನೋಡಿಕೊಳ್ಳುತ್ತಿದ್ದವನ ಮಗನಾಗಿ ಹುಟ್ಟಿದನು. ಎಂಟು ವರ್ಷದವನಾಗಿದ್ದಾಗ ತಂದೆಯು ಕುದುರೆಯಿಂದ ಬಿದ್ದು ಸತ್ತನು. ಹದಿನಾಲ್ಕರಲ್ಲಿ ತಾಯಿಯು ಕ್ಷಯದಿಂದ ತೀರಿಕೊಂಡಳು. ಹುಡುಗನು ಒಬ್ಬ ವೈದ್ಯನ ಬಳಿ ಶಿಷ್ಯನಾಗಿ ನಿಂತು, ಗೈಸ್ ಆಸ್ಪತ್ರೆಯಲ್ಲಿ ಕಲಿತು, 1816ರಲ್ಲಿ ಔಷಧವೃತ್ತಿಗೆ ಅನುಮತಿಯನ್ನು ಪಡೆದನು. ಆಮೇಲೆ ಅದನ್ನು ಬಿಟ್ಟು ಕಾವ್ಯಕ್ಕೆ ಬಂದನು. 1818ರಲ್ಲಿ ಅವನ ಎಂಡಿಮಿಯನ್ ಎಂಬ ನಾಲ್ಕು ಭಾಗಗಳ ದೀರ್ಘಕಾವ್ಯವು ಪ್ರಕಟವಾಯಿತು. ಕೃತಿಯು ಇನ್ನೂ ಬಲಿತಿಲ್ಲವೆಂದು ಅವನೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದನು. ಅಂಥ ಮುನ್ನುಡಿಯನ್ನು ಬರೆಯುವುದು ಲೋಕವ್ಯವಹಾರವನ್ನು ಬಲ್ಲವರ ಲಕ್ಷಣವಲ್ಲ. ಬಾಗಿಲನ್ನು ತೆರೆದಿಟ್ಟರೆ ಬರುವವರೆಲ್ಲರೂ ಅತಿಥಿಗಳೇ ಆಗಿರುವುದಿಲ್ಲ.

ಆ ವರ್ಷದ ಆಗಸ್ಟ್ ತಿಂಗಳ ಬ್ಲ್ಯಾಕ್‌ವುಡ್ಸ್ ಮಾಸಪತ್ರಿಕೆಯಲ್ಲಿ ಒಂದು ಲೇಖನವು ಬಂದಿತು. ಕೆಳಗೆ ಹೆಸರಿರಲಿಲ್ಲ, ಇಂಗ್ಲಿಷ್ ಅಕ್ಷರಮಾಲೆಯ ಕೊನೆಯ ಅಕ್ಷರವೊಂದಿತ್ತು. ಬರೆದವನು ಜಾನ್ ಗಿಬ್ಸನ್ ಲಾಕ್‌ಹಾರ್ಟ್, ಆಕ್ಸ್‌ಫರ್ಡಿನಲ್ಲಿ ಓದಿದವನು, ಆಗ 24 ವರ್ಷದ ತರುಣ. ಲೇಖನವು ಕವಿಗೆ ಗ್ರೀಕ್ ಬಾರದೆಂದು ನಕ್ಕಿತು. ಅವನೂ ಅವನ ಗೆಳೆಯರೂ ಲಂಡನ್ನಿನ ಬೀದಿಯ ಕೀಳು ಮಾತಿನವರೆಂದಿತು. ಕಾವ್ಯವನ್ನು ಬಿಟ್ಟು ಮರಳಿ ಔಷಧದ ಅಂಗಡಿಗೆ, ಲೇಪ ಗುಳಿಗೆಗಳ ಕಡೆಗೆ ಹೋಗೆಂದು ಬುದ್ಧಿ ಹೇಳಿತು. ಕೌಟಿಲ್ಯನ ಐದರಲ್ಲಿ ಶ್ರುತ, ಜನಪದ, ವೃತ್ತಿ ಈ ಮೂರೂ ಒಂದೇ ಲೇಖನದಲ್ಲಿ ಸಿಕ್ಕುವುವು. ಇವುಗಳಲ್ಲಿ ಸುಳ್ಳು ಹೆಚ್ಚಿಲ್ಲವೆಂಬುದು ಮುಖ್ಯವಾದ ಸಂಗತಿ. ಕೀಟ್ಸನಿಗೆ ಗ್ರೀಕ್ ಬರುತ್ತಿರಲಿಲ್ಲ. ಅವನು ಲಂಡನ್ನಿನವನು, ಔಷಧದ ಕೆಲಸವನ್ನು ಕಲಿತವನು. ಮೂರು ಪಣದ ಮಾತುಗಳು.

ಔಷಧದ ಸಂಗತಿಯು ಲಾಕ್‌ಹಾರ್ಟನಿಗೆ ತಿಳಿದ ಬಗೆಯು ಇನ್ನೂ ಮನಸ್ಸನ್ನು ಕಲಕುವುದು. ಕೀಟ್ಸನ ಮಿತ್ರನಾದ ಬೆಂಜಮಿನ್ ಬೈಲಿಯು ಆ ಬೇಸಗೆಯಲ್ಲಿ ಸ್ಕಾಟ್ಲೆಂಡಿನ ಒಂದು ಮನೆಯಲ್ಲಿ ಅವನನ್ನು ಕಂಡಿದ್ದನು. ಪತ್ರಿಕೆಯು ಕೀಟ್ಸನ ಮೇಲೆ ಬೀಳಲಿದೆಯೆಂಬ ಅಂಜಿಕೆಯಿಂದ, ಅವನು ಒಳ್ಳೆಯ ಹುಡುಗ, ವೈದ್ಯವನ್ನು ಕಲಿತವನು, ಯಾರ ತಂಟೆಗೂ ಹೋಗದವನು ಎಂಬ ಅರ್ಥದಲ್ಲಿ ಸ್ನೇಹಿತನ ಪರವಾಗಿ ಮಾತನಾಡಿದನು. ಈ ವಿವರಗಳನ್ನು ದುರುಪಯೋಗ ಮಾಡಬಾರದೆಂದೂ ಬೇಡಿಕೊಂಡನು. ತಾನು ಮಾಡುವುದಿಲ್ಲವೆಂಬ ಉತ್ತರವೂ ದೊರೆಯಿತು. ಕೆಲವು ವಾರಗಳಲ್ಲಿಯೇ ಅದು ಅಚ್ಚಿನಲ್ಲಿತ್ತು. ಗೆಳೆಯನು ಗುರಾಣಿಯೆಂದು ಕೊಟ್ಟದ್ದು ಹಗೆಯ ಕೈಯಲ್ಲಿ ಬಾಣವಾಯಿತು. ಬೈಲಿಯ ಸಂಕಟವನ್ನು ಊಹಿಸಿಕೊಳ್ಳಬಹುದು. ಪಾರುಷ್ಯವು ತಾಗಿದವರ ಲೆಕ್ಕದಲ್ಲಿ ಅವನ ಹೆಸರನ್ನು ಯಾರೂ ಬರೆಯುವುದಿಲ್ಲ.

ಸೆಪ್ಟೆಂಬರಿನಲ್ಲಿ ಕ್ವಾರ್ಟರ್ಲಿ ರಿವ್ಯೂ ಎಂಬ ತ್ರೈಮಾಸಿಕದ ವಿಮರ್ಶೆಯು ಹೊರಬಂದಿತು. ಇದರಲ್ಲಿಯೂ ಹೆಸರಿಲ್ಲ, ಬರೆದವನು ನೌಕಾಖಾತೆಯ ಕಾರ್ಯದರ್ಶಿಯಾಗಿದ್ದ ಜಾನ್ ವಿಲ್ಸನ್ ಕ್ರೋಕರ್. ನಾಲ್ಕು ಭಾಗಗಳಲ್ಲಿ ಮೊದಲನೆಯದನ್ನು ದಾಟಿ ಓದಲಾಗಲಿಲ್ಲವೆಂದು ಅವನು ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡನು. ಆದರೂ ಇವನಿಗೂ ಲಾಕ್‌ಹಾರ್ಟನಿಗೂ ಭೇದವುಂಟು. ಪ್ರಾಸಕ್ಕಾಗಿ ಅರ್ಥವು ಎಲ್ಲೆಲ್ಲಿಗೋ ಎಳೆಯಲ್ಪಡುತ್ತಿದೆ, ಹೊಸ ಹೊಸ ಶಬ್ದಗಳನ್ನು ಸುಮ್ಮಸುಮ್ಮನೆ ಕಟ್ಟಿದ್ದಾನೆ ಎಂಬ ಅವನ ಆಕ್ಷೇಪಗಳಲ್ಲಿ ಸ್ವಲ್ಪ ತಿರುಳಿತ್ತು. ಧ್ವನಿಯು ಕೆಟ್ಟದಾದರೂ ಅಲ್ಲಿ ಕವಿತೆಯ ಮಾತು ಇತ್ತು. ಅಂಗಡಿಯ ಮಾತು ಇರಲಿಲ್ಲ. ಬಿರುಸಾದ ವಿಮರ್ಶೆಯೇ ಕೂಡದೆಂದು ವಾದಿಸುವವರು ಈ ಎರಡು ಲೇಖನಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕು. ಕೃತಿಯ ದೋಷವನ್ನು ಕೃತಿಕಾರನು ತಿದ್ದಬಲ್ಲನು. ತಂದೆಯ ಲಾಯವನ್ನು ತಿದ್ದಲಾರನು.

ಮುಂದಿನ ಸಂಗತಿಗಳು ಪ್ರಸಿದ್ಧವಾಗಿವೆ. ಕೀಟ್ಸನು 1820ರ ಫೆಬ್ರವರಿಯಲ್ಲಿ ರಕ್ತವನ್ನು ಕೆಮ್ಮಿದನು. ಆ ಸೆಪ್ಟೆಂಬರಿನಲ್ಲಿ ಇಟಲಿಗೆ ಹಡಗು ಹತ್ತಿದನು. 1821ರ ಫೆಬ್ರವರಿ 23ರಂದು ರೋಮಿನಲ್ಲಿ ಸತ್ತನು. ವಯಸ್ಸು 25. ವಿಮರ್ಶೆಯೇ ಅವನನ್ನು ಕೊಂದಿತೆಂದು ಷೆಲ್ಲಿಯು ತನ್ನ ಅಡೊನೇಯಿಸ್ ಎಂಬ ಶೋಕಕಾವ್ಯದ ಮುನ್ನುಡಿಯಲ್ಲಿ ಬರೆದನು. ಬೈರನ್ನನು ಡಾನ್ ಜುವಾನ್ ಕಾವ್ಯದಲ್ಲಿ ಅದನ್ನೇ ಸ್ವಲ್ಪ ಪರಿಹಾಸದಿಂದ ಹೇಳಿದನು. ಲೋಕವು ಈ ಇಬ್ಬರ ಮಾತನ್ನು ನಂಬಿತು.

ಆದರೆ ಅವನನ್ನು ಕೊಂದದ್ದು ಕ್ಷಯರೋಗ. ಮರಣಾನಂತರ ವೈದ್ಯರು ದೇಹವನ್ನು ತೆರೆದು ನೋಡಿದಾಗ ಶ್ವಾಸಕೋಶಗಳು ಬಹುಮಟ್ಟಿಗೆ ನಾಶವಾಗಿದ್ದುವು. 1818ರ ಅದೇ ಶರತ್ಕಾಲದಲ್ಲಿ ಅವನು ಕ್ಷಯದಿಂದ ನರಳುತ್ತಿದ್ದ ತಮ್ಮನಾದ ಟಾಮನ ಹಾಸಿಗೆಯ ಬಳಿ ಕುಳಿತು ಶುಶ್ರೂಷೆ ಮಾಡುತ್ತಿದ್ದನು. ಟಾಮನು ಡಿಸೆಂಬರ್ 1ರಂದು ತೀರಿಕೊಂಡನು. ವಿಮರ್ಶೆಗಳನ್ನು ಕುರಿತು ಕೀಟ್ಸನು ಅಕ್ಟೋಬರಿನಲ್ಲಿ ಪ್ರಕಾಶಕರಲ್ಲೊಬ್ಬನಿಗೆ ಬರೆದ ಪತ್ರವು ಉಳಿದಿದೆ. ತನ್ನ ಕೃತಿಯನ್ನು ತಾನೇ ಪರೀಕ್ಷಿಸುವಾಗ ಆಗುವ ನೋವಿನ ಮುಂದೆ ಈ ಪತ್ರಿಕೆಗಳ ನೋವು ಏನೂ ಅಲ್ಲವೆಂಬುದು ಅದರ ತಾತ್ಪರ್ಯ. ಮರುವರ್ಷವೇ ಅವನು ತನ್ನ ಶ್ರೇಷ್ಠವಾದ ಪ್ರಗಾಥಗಳನ್ನು ರಚಿಸಿದನು. 1820ರ ಸಂಕಲನದಲ್ಲಿ ಪ್ರಕಾಶಕರು ಒಂದು ಸೂಚನೆಯನ್ನು ಸೇರಿಸಿ, ಎಂಡಿಮಿಯನ್ನಿಗೆ ದೊರೆತ ಸ್ವಾಗತದಿಂದ ಎದೆಗುಂದಿ ಕವಿಯು ಹೈಪೀರಿಯನ್ನನ್ನು ಅರ್ಧಕ್ಕೆ ಬಿಟ್ಟನೆಂದು ತಿಳಿಸಿದರು. ಕೀಟ್ಸನು ಒಂದು ಪ್ರತಿಯಲ್ಲಿ ಆ ಸೂಚನೆಯನ್ನು ಹೊಡೆದುಹಾಕಿ, ಇದು ಸುಳ್ಳೆಂದು ತನ್ನ ಕೈಯಿಂದಲೇ ಬರೆದನು.

ಈ ಸಂಗತಿಗಳನ್ನು ತಿಳಿದವರು ಕೆಲವರು ಒಂದು ತರ್ಕವನ್ನು ಹೂಡುವರು. ಕೀಟ್ಸನು ಧೀರನಾಗಿ ಸಹಿಸಿಕೊಂಡನು. ಆದಕಾರಣ ಬೈಗುಳದಿಂದ ಹಾನಿಯಾಗಲಿಲ್ಲ. ಹಾನಿಯಾಗದ ಮೇಲೆ ಬೈದವನ ಅಪರಾಧವೂ ಇಲ್ಲ. ನೋಯುವವರ ಚರ್ಮವೇ ತೆಳುವು. ಈ ತರ್ಕವು ಎಲ್ಲ ಊರುಗಳಲ್ಲಿಯೂ ಎಲ್ಲ ಮನೆಗಳಲ್ಲಿಯೂ ಕೇಳಿಬರುವಂಥದು. ಇದರ ದೋಷವು ಮೊದಲನೆಯ ಹೆಜ್ಜೆಯಲ್ಲಿಯೇ ಇದೆ. ಕಲ್ಲನ್ನು ಎಸೆದವನ ಕರ್ಮವು ಎಸೆಯುವಾಗಲೇ ಮುಗಿಯಿತು. ತಾಗಿದವನು ಅಳದೆ ನಿಂತನೆಂಬುದು ತಾಗಿದವನ ಗುಣ, ಎಸೆದವನ ಪುಣ್ಯವಲ್ಲ. ಸಹಿಸಿಕೊಳ್ಳುವುದಕ್ಕೆ ಒಬ್ಬನು ತೆರಬೇಕಾದ ಬೆಲೆಯು ಹೊರಗಿನವರ ಲೆಕ್ಕಕ್ಕೆ ಬರುವುದೇ ಇಲ್ಲ. ಸಾಯುವ ತಮ್ಮನ ಪಕ್ಕದಲ್ಲಿ ಕುಳಿತಿದ್ದ 22 ವರ್ಷದ ತರುಣನು ಆ ರಾತ್ರಿಗಳಲ್ಲಿ ತನ್ನ ಧೈರ್ಯದ ಎಷ್ಟು ಪಾಲನ್ನು ಒಂದು ಮಾಸಪತ್ರಿಕೆಗಾಗಿ ಖರ್ಚುಮಾಡಬೇಕಾಯಿತು? ಅದನ್ನು ತಮ್ಮನಿಗೋ ಕವಿತೆಗೋ ಕೊಡಬಹುದಾಗಿತ್ತು. ಕಾಯಿಲೆಯು ಬಲಿತ ಮೇಲೆ ಅವನ ಎದೆಯಲ್ಲಿ ಕಹಿಯು ತುಂಬಿತ್ತೆಂದು ಹತ್ತಿರವಿದ್ದ ಮಿತ್ರರೇ ಹೇಳಿರುವರು. ಬಲವಿದ್ದಾಗ ದೂರ ತಳ್ಳಿದ್ದ ಮಾತುಗಳು ಬಲವು ಕುಂದಿದಾಗ ತಿರುಗಿ ಬಂದಿರಬೇಕು.

ಪರುಷವಾಕ್ಯದ ವಿಚಿತ್ರಶಕ್ತಿಯಿರುವುದು ಇದರಲ್ಲಿಯೇ. ಪೆಟ್ಟಿನ ಗಾಯವು ಹೊಡೆದವನು ಹೋದ ಮೇಲೆ ಮಾಯುತ್ತ ಬರುವುದು. ಮಾತಾದರೋ ಆಡಿದವನು ಹೋದ ಮೇಲೆ ಕೇಳಿದವನ ಮನಸ್ಸನ್ನೇ ಮನೆಮಾಡಿಕೊಂಡು ಅವನ ಕಂಠದಿಂದಲೇ ನುಡಿಯಲು ತೊಡಗುವುದು. ನೂರು ಜನರ ಮೆಚ್ಚುಗೆಯನ್ನು ಮರೆತವನು ಒಬ್ಬನ ಹೀಯಾಳಿಕೆಯನ್ನು ಅಕ್ಷರ ತಪ್ಪದೆ ನೆನಪಿಟ್ಟಿರುವನು. ಏಕೆಂದರೆ ತನ್ನ ವಿಷಯದಲ್ಲಿ ತನಗೇ ಇರುವ ಸಂದೇಹವು ಪ್ರತಿಯೊಬ್ಬನಲ್ಲಿಯೂ ಒಳಗೆ ಕುಳಿತು ಸಾಕ್ಷಿಗಾಗಿ ಕಾಯುತ್ತಿರುವುದು. ನಿಂದಕನು ಸಾಕ್ಷಿ ನುಡಿದ ಕೂಡಲೆ ವ್ಯಾಜ್ಯವು ಅವನ ಕಡೆಗೆ ವಾಲುವುದು. ಶಾಲೆಯಲ್ಲಿ ಒಮ್ಮೆ ದಡ್ಡನೆನಿಸಿಕೊಂಡ ಹುಡುಗನು ಐವತ್ತು ವರ್ಷದ ಮೇಲೂ ಸಭೆಯಲ್ಲಿ ಲೆಕ್ಕ ಹೇಳಲು ಹಿಂಜರಿಯುವುದುಂಟು. ಹಾಗೆಂದ ಉಪಾಧ್ಯಾಯರಿಗೆ ಅದು ಮರುದಿನವೇ ಮರೆತುಹೋಗಿರುತ್ತದೆ.

ನೊಂದವನು ನೋವಿನಿಂದ ಮೃದುವಾಗುವನೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಅಸ್ತ್ರಪರೀಕ್ಷೆಯ ರಂಗದಲ್ಲಿ ಕರ್ಣನು ಸೂತನ ಮಗನೆಂದು ತಿಳಿದೊಡನೆ, ಬಿಲ್ಲನ್ನು ಬಿಟ್ಟು ಚಾವಟಿಯನ್ನು ಹಿಡಿಯೆಂಬರ್ಥದಲ್ಲಿ ಭೀಮನು ಮೂದಲಿಸಿದನು. ಲಾಕ್‌ಹಾರ್ಟನ ಬುದ್ಧಿವಾದಕ್ಕೂ ಇದಕ್ಕೂ ಏನು ವ್ಯತ್ಯಾಸ! ಕರ್ಣನ ಆ ನೋವಿಗಾಗಿ ಮರುಗದ ಕನ್ನಡಿಗನಿಲ್ಲ. ಆದರೆ ವ್ಯಾಸಭಾರತದ ದ್ಯೂತಸಭೆಯಲ್ಲಿ ದ್ರೌಪದಿಯನ್ನು ಕುರಿತು ಅತ್ಯಂತ ನೀಚವಾದ ಮಾತನ್ನು ಆಡಿದವನೂ ಅದೇ ಕರ್ಣನು. ಬೈರನ್ನನ ಕಥೆಯೂ ಇಂಥದೇ. ಅವನ ಮೊದಲ ಕವಿತೆಗಳನ್ನು ಎಡಿನ್‌ಬರೋ ರಿವ್ಯೂ 1808ರಲ್ಲಿ ಹೆಸರಿಲ್ಲದ ಲೇಖನವೊಂದರಲ್ಲಿ ಹರಿದುಹಾಕಿತ್ತು. ಆ ದಿನ ತಾನು ಮೂರು ಸೀಸೆ ದ್ರಾಕ್ಷಾರಸವನ್ನು ಕುಡಿದು ಉತ್ತರವನ್ನು ಬರೆಯಲು ಕುಳಿತೆನೆಂದು ಅವನೇ ಹೇಳಿಕೊಂಡಿದ್ದಾನೆ. ಹೀಗೆ ಸುಟ್ಟುಕೊಂಡವನು 1820ರಲ್ಲಿ ತನ್ನ ಪ್ರಕಾಶಕನಿಗೆ ಬರೆದ ಪತ್ರಗಳಲ್ಲಿ ಕೀಟ್ಸನನ್ನು ಬಾಯಿಗೆ ಬಂದಂತೆ ಹಳಿದನು. ಸಾವಿನ ಸುದ್ದಿಯು ತಲಪಿದ ಮೇಲೆ ತಾನು ಬರೆದುದನ್ನು ಅಚ್ಚಿಗೆ ಹೋಗದಂತೆ ತೆಗೆದುಬಿಡೆಂದು ಕೇಳಿಕೊಂಡನು. ಒಂದು ಮನೆಯಿಂದ ಇನ್ನೊಂದು ಮನೆಗೆ ಬೆಂಕಿಯನ್ನು ಕೊಂಡೊಯ್ಯುವಂತೆ ಜನರು ತಮಗೆ ತಾಗಿದ ಮಾತನ್ನು ಇನ್ನೊಬ್ಬರಿಗೆ ದಾಟಿಸುವರು.

ಹೆಸರನ್ನು ಮರೆಸಿ ಬರೆಯುವವರ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಎದುರಿಗೆ ನಿಂತು ಬೈಯುವವನು ಕೇಳುವವನ ಮುಖವನ್ನು ನೋಡಬೇಕಾಗುವುದು. ಆ ಮುಖವು ಬಾಡಿದಾಗ ಅವನ ನಾಲಗೆಯು ಸ್ವಲ್ಪವಾದರೂ ತಡೆಯುವುದು. ಮರೆಯಲ್ಲಿರುವವನಿಗೆ ಈ ತಡೆಯಿಲ್ಲ. ನೊಂದವನಿಗೂ ಒಂದು ಹೆಚ್ಚಿನ ಕಷ್ಟವುಂಟು: ಯಾರೆಂದು ತಿಳಿಯದೆ ಇರುವಾಗ ಎದುರಿಗೆ ಸಿಕ್ಕಿದ ಪ್ರತಿಯೊಬ್ಬನೂ ಅವನೇ ಇರಬಹುದೆಂದು ತೋರುವುದು. ಕ್ಷಮೆ ಕೇಳುವವನೂ ಇಲ್ಲ, ಕ್ಷಮಿಸಲು ಒಬ್ಬ ಮನುಷ್ಯನೂ ಇಲ್ಲ. ಕೀಟ್ಸನ ಗೆಳೆಯನಾದ ಲೀ ಹಂಟನು 1817ರಲ್ಲಿಯೇ ಬ್ಲ್ಯಾಕ್‌ವುಡ್ಸಿನ ಆ ಒಂಟಿ ಅಕ್ಷರದ ಲೇಖಕನಿಗೆ ಹೆಸರನ್ನು ಹೇಳಿ ಮುಂದೆ ಬಾ ಎಂದು ಬಹಿರಂಗವಾಗಿ ಕರೆಕೊಟ್ಟನು. ಯಾರೂ ಬರಲಿಲ್ಲ.

ಮಾತಿನಿಂದ ಯಾರೂ ಸಾಯುವುದಿಲ್ಲವೆನ್ನುವವರಿಗೆ ಆ ಪತ್ರಿಕೆಯ ಚರಿತ್ರೆಯಲ್ಲಿಯೇ ಬೇರೊಂದು ಉತ್ತರವಿದೆ. ಲಂಡನ್ ಮ್ಯಾಗಜೀನಿನ ಸಂಪಾದಕನಾಗಿದ್ದ ಜಾನ್ ಸ್ಕಾಟನು ಬ್ಲ್ಯಾಕ್‌ವುಡ್ಸಿನ ಮರೆಯ ಬೈಗುಳಗಳನ್ನು ಖಂಡಿಸಿ ಲೇಖನಗಳನ್ನು ಬರೆದು, ಅದರ ಹಿಂದಿರುವವನು ಲಾಕ್‌ಹಾರ್ಟನೆಂದು ಬಹಿರಂಗಪಡಿಸಿದನು. ಅವನ ಭಾಷೆಯೂ ಕಡಮೆ ಬಿರುಸಾಗಿರಲಿಲ್ಲ. ಮಾತಿಗೆ ಮಾತು ಬೆಳೆದು, ಲಾಕ್‌ಹಾರ್ಟನ ಮಿತ್ರನಾದ ಕ್ರಿಸ್ಟಿ ಎಂಬ ವಕೀಲನಿಗೂ ಸ್ಕಾಟನಿಗೂ ದ್ವಂದ್ವಯುದ್ಧವು ಗೊತ್ತಾಯಿತು. 1821ರ ಫೆಬ್ರವರಿ 16ರ ರಾತ್ರಿ, ಬೆಳುದಿಂಗಳಿನಲ್ಲಿ, ಲಂಡನ್ನಿನ ಚಾಕ್ ಫಾರ್ಮ್ ಎಂಬಲ್ಲಿ ಇಬ್ಬರೂ ಪಿಸ್ತೂಲು ಹಿಡಿದು ನಿಂತರು. ಮೊದಲ ಸಲ ಕ್ರಿಸ್ಟಿಯು ಬೇಕೆಂದೇ ಗುರಿತಪ್ಪಿಸಿ ಹಾರಿಸಿದನು. ಎರಡನೆಯ ಸಲದ ಗುಂಡು ಸ್ಕಾಟನ ಹೊಟ್ಟೆಯನ್ನು ಹೊಕ್ಕಿತು. ಅವನು ಫೆಬ್ರವರಿ 27ರಂದು, ರೋಮಿನಲ್ಲಿ ಕೀಟ್ಸನು ತೀರಿದ ನಾಲ್ಕು ದಿನಗಳ ಮೇಲೆ, ಸತ್ತನು. ವಿಚಾರಣೆಯಲ್ಲಿ ಕ್ರಿಸ್ಟಿಯು ನಿರಪರಾಧಿಯೆಂದು ತೀರ್ಮಾನವಾಯಿತು. ಲಾಕ್‌ಹಾರ್ಟನು 1825ರಲ್ಲಿ ಕ್ವಾರ್ಟರ್ಲಿ ರಿವ್ಯೂ ಪತ್ರಿಕೆಯ ಸಂಪಾದಕನಾದನು.

ಇನ್ನು ಕೀಟ್ಸನ ಮಿತ್ರರು ಮಾಡಿದ್ದನ್ನೂ ಹೇಳಬೇಕು; ಅವರ ಪ್ರೀತಿಯಲ್ಲಿ ಸಂದೇಹವಿಲ್ಲದಿದ್ದರೂ ಅದರಿಂದ ಕೆಡುಕಾಯಿತು. ವಿಮರ್ಶೆಯ ಒಂದು ಊದಿಗೆ ಆರಿಹೋದ ದೀಪವೆಂಬ ಕಥೆಯನ್ನು ಕಟ್ಟಿ ಅವರು ಒಬ್ಬ ಗಟ್ಟಿಗನನ್ನು ಲೋಕದ ಕಣ್ಣಿನಲ್ಲಿ ದುರ್ಬಲನನ್ನಾಗಿ ಮಾಡಿದರು. ನಿಂದಕನು ಅವನನ್ನು ಔಷಧದಂಗಡಿಯ ಹುಡುಗನೆಂದು ಕರೆದನು. ಅನುಕಂಪವುಳ್ಳವರು ಅವನನ್ನು ಬಾಡಿದ ಹೂವೆಂದು ಕರೆದರು. ಇಬ್ಬರೂ ಅವನು ಬರೆದ ಕವಿತೆಯಿಂದ ಕಣ್ಣನ್ನು ಬೇರೆ ಕಡೆಗೆ ತಿರುಗಿಸಿದವರೇ.

ತನ್ನ ಸಮಾಧಿಯ ಮೇಲೆ ಹೆಸರನ್ನು ಬರೆಯಕೂಡದೆಂದು ಕೀಟ್ಸನು ಕೇಳಿಕೊಂಡಿದ್ದನು. ತಾನು ಹೇಳಿಕೊಟ್ಟ ಒಂದೇ ಒಂದು ಚಿಕ್ಕ ವಾಕ್ಯವು ಸಾಕೆಂದಿದ್ದನು. ಮಿತ್ರರಾದ ಸೆವರ್ನ್ ಮತ್ತು ಬ್ರೌನ್ ಆ ವಾಕ್ಯದ ಮೇಲ್ಗಡೆ ತಮ್ಮ ಮಾತುಗಳನ್ನು ಸೇರಿಸಿ, ಒಬ್ಬ ತರುಣ ಆಂಗ್ಲಕವಿಯು ವೈರಿಗಳ ದುಷ್ಟಶಕ್ತಿಯಿಂದ ಎದೆ ಕಹಿಯಾಗಿ ಸತ್ತನೆಂಬ ಅರ್ಥವನ್ನು ಕೆತ್ತಿಸಿದರು. ರೋಮಿನ ಪ್ರಾಟೆಸ್ಟೆಂಟ್ ಸ್ಮಶಾನದಲ್ಲಿ ಆ ಕಲ್ಲು ಈಗಲೂ ಇದೆ. ದೂರದೇಶಗಳಿಂದ ಹೋದವರು ಅದರ ಮುಂದೆ ನಿಂತು ಓದುವರು. ಕವಿಯ ಹೆಸರು ಆ ಕಲ್ಲಿನ ಮೇಲೆ ಇಲ್ಲ, ವೈರಿಗಳ ಪ್ರಸ್ತಾಪವಿದೆ.